ಓದಿದ ವಾಕ್ಯ ನಡತೆಗಿಳಿಯಲು ಹತ್ತು ಸೂತ್ರಗಳು

ಸತ್ಯವೇದ ಇಲ್ಲದ ಕ್ರೈಸ್ತರ ಮನೆ ಅಪರೂಪ. ಇಡೀ ಸತ್ಯವೇದ ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದ ಫಲವಾಗಿ. ಇವತ್ತು ಅದು ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ. ಆದರೂ ಭಾನುವಾರ ಕೇಳಿದ ವಾಕ್ಯ ಸೋಮವಾರದ ಆಫೀಸಿಗೆ, ಅಂಗಡಿಗೆ, ಅಡುಗೆಮನೆಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಯಾರೋ ಒಬ್ಬರ ಜೊತೆ ನಾವು ನಡೆದುಕೊಳ್ಳುವ ರೀತಿ ಬದಲಾದ ಮೇಲೆಯೇ ಓದು ಪೂರ್ತಿಯಾದಂತೆ. ಅದಕ್ಕೆ ನೆರವಾಗುವ ಹತ್ತು ಸೂತ್ರಗಳು ಇಲ್ಲಿವೆ.

1. ಒಂದು ಪುಸ್ತಕ ಹಿಡಿಯಿರಿ, ಅದನ್ನು ಮುಗಿಸಿ
ಜನವರಿಯಲ್ಲಿ ಆದಿಕಾಂಡದಿಂದ ಹುರುಪಾಗಿ ಹೊರಟು, ಯಾಜಕಕಾಂಡದ ಬಲಿಗಳ ನಡುವೆ ಸುಸ್ತಾಗುವವರು ಬಹಳ ಮಂದಿ. ಪ್ರಾಟೆಸ್ಟೆಂಟ್ ಸಭೆಗಳ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕು. ಹೊಸಬರು ಅಷ್ಟು ಹೊರೆ ಹೊರುವುದು ಬೇಡ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ. ದಿನಕ್ಕೊಂದರಂತೆ ಎರಡು ವಾರದ ಮೇಲೆ ಎರಡು ದಿನದಲ್ಲಿ ಮುಗಿಯುತ್ತದೆ. ಆಮೇಲೆ ರೂತಳ ಕಥೆ, ನಾಲ್ಕು ಅಧ್ಯಾಯ. ನಂತರ ಯಾಕೋಬನ ಪತ್ರಿಕೆ, ಐದು ಅಧ್ಯಾಯ.

2. ಹೊತ್ತು ಮತ್ತು ಜಾಗ ಗೊತ್ತು ಮಾಡಿ
‘ಬಿಡುವಾದಾಗ ಓದುತ್ತೇನೆ’ ಎಂದವರಿಗೆ ಬಿಡುವು ಸಿಗುವುದೇ ಇಲ್ಲ. ಬೆಳಿಗ್ಗೆ ಹಾಲಿನವನು ಬರುವ ಮೊದಲೋ, ರಾತ್ರಿ ಕುಟುಂಬ ಪ್ರಾರ್ಥನೆಯ ಬಳಿಕವೋ, ಇಪ್ಪತ್ತು ನಿಮಿಷ ಎತ್ತಿಡಿ. ಅಚ್ಚಿನ ಪುಸ್ತಕ, ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಓಡಾಡುವವರು ಅದೇ ಅಧ್ಯಾಯವನ್ನು ಆಡಿಯೋದಲ್ಲಿ ಇನ್ನೊಮ್ಮೆ ಕೇಳಬಹುದು.

3. ಕಣ್ಣು ಮುಚ್ಚಿ ಪುಟ ತೆರೆಯುವುದನ್ನು ಬಿಡಿ
ಬೆರಳಿಟ್ಟ ಜಾಗದಲ್ಲಿ ದೇವರ ಉತ್ತರ ಸಿಗಲಿ ಎಂದು ಹುಡುಕುವವರು ಸಂತ ಅಗಸ್ಟೀನರ ಉದಾಹರಣೆ ಕೊಡುತ್ತಾರೆ. 386ರಲ್ಲಿ, ಮಿಲಾನ್ ನಗರದ ಒಂದು ತೋಟದಲ್ಲಿ, ಅವರು ಪುಸ್ತಕ ತೆರೆದು ಕಣ್ಣಿಗೆ ಬಿದ್ದ ಭಾಗವನ್ನು ಓದಿ ಬದುಕು ಬದಲಿಸಿಕೊಂಡದ್ದು ನಿಜ. ಆದರೆ ಅದಕ್ಕೂ ಮೊದಲೇ ಅವರು ಪೌಲನ ಪತ್ರಿಕೆಗಳನ್ನು ಮನಸ್ಸಿಟ್ಟು ಓದಿದ್ದರು, ಮಿಲಾನಿನ ಬಿಷಪ್ ಅಂಬ್ರೋಸರ ಪ್ರಸಂಗಗಳನ್ನು ಕೇಳುತ್ತ ಬಂದಿದ್ದರು. ಆ ಒಂದು ಗಳಿಗೆಯ ಹಿಂದೆ ದೀರ್ಘ ಓದಿತ್ತು.

4. ವಚನದ ಹಿಂದೂ ಮುಂದೂ ಓದಿ
ಇಂದು ನಾವು ಬಳಸುವ ವಚನ ಸಂಖ್ಯೆಗಳು ಮೂಲ ಲೇಖಕರು ಹಾಕಿದವಲ್ಲ. ಹೊಸ ಒಡಂಬಡಿಕೆಗೆ ಅವನ್ನು 1551ರಲ್ಲಿ ಅಳವಡಿಸಿದವರು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು. ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ಮತ್ತೆ ಮತ್ತೆ ಬರುತ್ತದೆ. ಅದರ ಹಿಂದಿನ ವಚನಗಳನ್ನೂ ಓದಿ. ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಬಿಡುಗಡೆಗೆ 70 ವರ್ಷ ಬೇಕು, ಅಲ್ಲಿಯವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂಬುದು ಅದರ ಸಾರ. ವರ್ಗವಾಗಿ ಬೇಡದ ಊರಿಗೆ ಹೋದ ನೌಕರನಿಗೆ, ಗಲ್ಫಿನಲ್ಲಿ ದುಡಿಯುತ್ತಿರುವ ಮಂಗಳೂರಿಗನಿಗೆ ಕಾರ್ಡಿಗಿಂತ ಈ ಪೂರ್ತಿ ಪತ್ರ ಹೆಚ್ಚು ಬಲ ಕೊಡುತ್ತದೆ.

5. ನಾಲ್ಕು ಪ್ರಶ್ನೆ ಕೇಳಿ
ಯಾರು, ಯಾರಿಗೆ ಹೇಳಿದರು? ಆಗ ಅವರ ಪರಿಸ್ಥಿತಿ ಏನಿತ್ತು? ದೇವರ ಬಗ್ಗೆ, ಮನುಷ್ಯರ ಬಗ್ಗೆ ಇಲ್ಲಿ ಏನು ತಿಳಿಯುತ್ತದೆ? ನಾನು ಏನು ಮಾಡಬೇಕು? ಈ ಕ್ರಮವನ್ನು ತಪ್ಪಿಸಬೇಡಿ. ಅಭ್ಯಾಸಕ್ಕೆ ಫಿಲೆಮೋನನಿಗೆ ಬರೆದ ಪತ್ರಿಕೆ ಹೇಳಿ ಮಾಡಿಸಿದ್ದು. ಒಂದೇ ಅಧ್ಯಾಯ, 25 ವಚನ. ಸೆರೆಯಲ್ಲಿರುವ ಪೌಲ, ಒನೇಸಿಮನೆಂಬ ದಾಸನನ್ನು ಅವನ ಯಜಮಾನನ ಬಳಿಗೆ ಕಳಿಸುತ್ತಾನೆ. ಇವನನ್ನು ಸ್ವಂತ ಸಹೋದರನಂತೆ ಬರಮಾಡಿಕೋ ಎಂದು ಕೇಳುತ್ತಾನೆ, ಅವನ ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳಲು ಹೇಳುತ್ತಾನೆ. ಈಗ ನಾಲ್ಕನೆಯ ಪ್ರಶ್ನೆ ನಮ್ಮ ಅಡುಗೆಮನೆಗೆ ಬರುತ್ತದೆ. ಕೆಲಸದವರಿಗೆಂದು ಸಿಂಕಿನ ಪಕ್ಕ ಬೇರೆ ಇಟ್ಟಿರುವ ಆ ಸ್ಟೀಲ್ ಲೋಟ ಇನ್ನೂ ಅಲ್ಲಿರಬೇಕೇ?

6. ಮಾಡಬೇಕಾದ ಕೆಲಸಕ್ಕೆ ಹೆಸರು, ತಾರೀಕು ಇರಲಿ
ಸುಸ್ತು ಮಾಡುತ್ತದೆ ಎಂದ ಯಾಜಕಕಾಂಡದಲ್ಲೇ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆ ಬರುವುದು ಇಲ್ಲೇ, 18ನೇ ವಚನದಲ್ಲಿ. ಯೇಸು ಸುವಾರ್ತೆಗಳಲ್ಲಿ ಎತ್ತಿ ಹೇಳುವುದೂ ಇದನ್ನೇ. ಅದರ ಸುತ್ತ ಇರುವುದು ದಿನನಿತ್ಯದ ವ್ಯವಹಾರ: ದುಡಿದವನ ಕೂಲಿಯನ್ನು ಮರುದಿನಕ್ಕೆ ಉಳಿಸಿಕೊಳ್ಳದಿರುವುದು, ಕೊಯ್ಲಿನಲ್ಲಿ ಹೊಲದಂಚನ್ನು ಬಡವರಿಗೆ ಬಿಡುವುದು, ಚಾಡಿ ಹೇಳದಿರುವುದು, ತೂಕ ಅಳತೆಯಲ್ಲಿ ಮೋಸ ಮಾಡದಿರುವುದು, ಹಿರಿಯರು ಬಂದಾಗ ಎದ್ದು ನಿಲ್ಲುವುದು, ಬೇರೆ ದೇಶದಿಂದ ಬಂದವನನ್ನು ನಮ್ಮವನೆಂದು ಕಾಣುವುದು.

‘ಇನ್ನು ಮೇಲೆ ಪ್ರೀತಿಯಿಂದ ಇರಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅದು ಅಲ್ಲೇ ಉಳಿಯುತ್ತದೆ. ‘ಮನೆಗೆಲಸದವರ ಸಂಬಳ ಒಂದನೇ ತಾರೀಕು ಬೆಳಿಗ್ಗೆ, ಅವರು ಕೇಳುವ ಮೊದಲೇ’ ಎಂದು ಬರೆಯಿರಿ. ಮಿಠಾಯಿ ಅಂಗಡಿಯವರಾದರೆ ‘ನಾಳೆಯಿಂದ ರಟ್ಟಿನ ಡಬ್ಬದ ತೂಕ ಕಳೆದು ತೂಗುವುದು’ ಎಂದು ಬರೆಯಿರಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ‘ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಅಸ್ಸಾಮಿನ ಹುಡುಗನ ಹೆಸರು ಕೇಳುವುದು, ಊಟವಾಯಿತೇ ಎಂದು ವಿಚಾರಿಸುವುದು’ ಎಂದು ಬರೆಯಿರಿ. ಹೀಗೆ ಬರೆದದ್ದನ್ನು ಮಾಡಿದೆವೋ ಇಲ್ಲವೋ ಎಂಬುದು ಸಂಜೆಯೊಳಗೆ ನಮಗೇ ಗೊತ್ತಾಗುತ್ತದೆ.

7. ವಾಕ್ಯದಿಂದ ಜಗಳ ಬಗೆಹರಿಸಿ
ತಪ್ಪು ಮಾಡಿದ ಸಹೋದರನ ಬಳಿ ಮೊದಲು ಒಬ್ಬರೇ ಹೋಗಿ ಮಾತಾಡಿ ಎನ್ನುತ್ತದೆ ಮತ್ತಾಯ 18. ನಾವು ಮೊದಲು ಮಾಡುವುದು ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಬರೆಯುವುದು. ಇನ್ನು ಮತ್ತಾಯ 5, ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ರಾಜಿಯಾಗಿ ಬನ್ನಿ ಎನ್ನುತ್ತದೆ. ಆಸ್ತಿ ಭಾಗದ ವಿಷಯದಲ್ಲಿ ಅಣ್ಣನ ಜೊತೆ ಮಾತು ಬಿಟ್ಟಿದ್ದರೆ, ಮುಂದಿನ ಭಾನುವಾರದೊಳಗೆ ನೀವೇ ಅವರ ಮನೆ ಬಾಗಿಲು ತಟ್ಟಿ.

8. ಒಬ್ಬರೇ ಓದಿ, ಒಬ್ಬರೇ ತೀರ್ಮಾನಿಸಬೇಡಿ
ಬೆರೋಯದ ಜನ ಪೌಲನ ಬೋಧನೆಯನ್ನೂ ಶಾಸ್ತ್ರದ ಜೊತೆ ದಿನಾ ತಾಳೆ ನೋಡುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳು 17 ಅವರನ್ನು ಮೆಚ್ಚಿಕೊಳ್ಳುತ್ತದೆ. ಯೂಟ್ಯೂಬಿನ ಪ್ರಸಂಗಗಳಿಗೂ ಅದೇ ಪರೀಕ್ಷೆ ಇರಲಿ. ಒಂದು ವಚನದ ಬಲದ ಮೇಲೆ ಬಿ.ಪಿ. ಮಾತ್ರೆ ನಿಲ್ಲಿಸುವುದು, ಕೆಲಸಕ್ಕೆ ರಾಜೀನಾಮೆ ಕೊಡುವುದು, ಯಾರಿಗೋ ಹಣ ಕೊಡುವುದು ಇಂಥ ತೀರ್ಮಾನಗಳಿಗೆ ಮೊದಲು ನಿಮ್ಮ ಪಾಸ್ಟರನ್ನೋ ಫಾದರನ್ನೋ, ಅನುಭವಸ್ಥ ಹಿರಿಯರನ್ನೋ ಕೇಳಿ. ಮಾತ್ರೆಯ ವಿಷಯವಾದರೆ ವೈದ್ಯರನ್ನೇ ಕೇಳಿ; ಪೌಲನ ಜೊತೆಗಾರ ಲೂಕನೂ ವೈದ್ಯನಾಗಿದ್ದನೆಂಬುದು ನೆನಪಿರಲಿ.

9. ಮನಸ್ಸು ಮುರಿದ ದಿನ ಕೀರ್ತನೆಗಳನ್ನು ಓದಿ
150 ಕೀರ್ತನೆಗಳಲ್ಲಿ ಸ್ತುತಿ ಎಷ್ಟಿದೆಯೋ ಗೋಳೂ ಅಷ್ಟೇ ಧಾರಾಳವಾಗಿದೆ. 88ನೇ ಕೀರ್ತನೆಯಂತೂ ಸಮಾಧಾನದ ಒಂದು ಮಾತಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ, ಅದೂ ದೇವರಿಗೆ ಹೇಳಿದ್ದೇ. ಸಾವಿನ ಮನೆಗೆ ಹೋದಾಗ ಅವಸರದಲ್ಲಿ ಸಾಂತ್ವನದ ವಚನ ಹೇಳಿಬಿಡುವುದಕ್ಕಿಂತ ದುಃಖದಲ್ಲಿರುವವರ ಪಕ್ಕ ಸುಮ್ಮನೆ ಕೂರುವುದನ್ನು ಈ ಕೀರ್ತನೆ ಕಲಿಸುತ್ತದೆ.

10. ಶನಿವಾರ ಲೆಕ್ಕ ನೋಡಿ
ವಾರದ ಕೊನೆಗೆ ನೋಟ್‌ಬುಕ್ ತೆರೆದು, ಮಾಡಿ ಮುಗಿಸಿದ್ದಕ್ಕೆ ಗುರುತು ಹಾಕಿ. ಉಳಿದದ್ದನ್ನು ಮುಂದಿನ ವಾರಕ್ಕೆ ಹಾಗೇ ಎತ್ತಿ ಬರೆಯಿರಿ. ಅದು ಮುಗಿಯುವವರೆಗೆ ಹೊಸದನ್ನು ಸೇರಿಸಬೇಡಿ. ಅರ್ಥವಾಗದ ಭಾಗಗಳನ್ನು ಹಿಂದಿನ ಪುಟದಲ್ಲಿ ಬರೆದಿಟ್ಟು ಬೈಬಲ್ ಸ್ಟಡಿಗೆ ಒಯ್ಯಿರಿ. ವಾರಕ್ಕೆ ಒಂದೇ ಕೆಲಸವಾದರೂ ವರ್ಷಕ್ಕೆ 52 ಆಗುತ್ತವೆ. ಸಂಬಳ ಹೊತ್ತಿಗೆ ಸರಿಯಾಗಿ ಬಂತು, ತೂಕ ಸರಿಯಿತ್ತು, ಮಾತು ಬಿಟ್ಟ ಅಣ್ಣ ಮತ್ತೆ ಊಟಕ್ಕೆ ಬಂದ ಎಂಬುದನ್ನು ಸತ್ಯವೇದವನ್ನು ಒಮ್ಮೆಯೂ ತೆರೆಯದ ನೆರೆಯವರೂ ಗಮನಿಸುತ್ತಾರೆ. ಇವತ್ತು ರಾತ್ರಿಯೇ ಮಾರ್ಕನ ಮೊದಲ ಅಧ್ಯಾಯ ಓದಿ, ನಾಳೆ ಯಾರಿಗಾಗಿ ಏನು ಮಾಡುತ್ತೀರಿ ಎಂದು ಒಂದು ಸಾಲು ಬರೆಯಿರಿ.