ಪಂಚಮಿಯ ಹಾಲು, ಒಡಹುಟ್ಟಿದವಳ ಪಾಲು

ಶ್ರಾವಣ ಶುದ್ಧ ಪಂಚಮಿಯು ನಾಗಪೂಜೆಯ ದಿನವೆಂದು ಪ್ರಸಿದ್ಧವಾಗಿದ್ದರೂ, ಕನ್ನಡ ನಾಡಿನಲ್ಲಿ ಅದು ಮುಖ್ಯವಾಗಿ ಒಡಹುಟ್ಟಿದವರ ಹಬ್ಬವು. ಉತ್ತರದ ಸೀಮೆಯಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆತರುವರು; ಅರಳು, ಉಂಡೆ, ಜೋಕಾಲಿಗಳಿಂದ ಊರಿಗೆ ಊರೇ ನಲಿಯುವುದು. ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಸೋದರಿಯು ಹೂವನ್ನು ಹಾಲಿನಲ್ಲಿ ಅದ್ದಿ ಸೋದರನ ಬೆನ್ನಿಗೆ ಸೋಕಿಸಿ, ಅದು ತಣ್ಣಗಿರಲೆಂದು ಹರಸುವಳು. ಇದಕ್ಕೆ ಪ್ರತಿಯಾಗಿ ಭಾದ್ರಪದದ ಗೌರಿ ಹಬ್ಬದಲ್ಲಿ ತವರಿನಿಂದ ಆಕೆಗೆ ಬಾಗಿನವು ಸಲ್ಲುವುದು. ಪಂಚಮಿಯಾದ ಹತ್ತು ದಿನಕ್ಕೆ ಬರುವ ನೂಲು ಹುಣ್ಣಿಮೆಯಂದು ರಾಖಿ ಕಟ್ಟುವ ಪದ್ಧತಿಯೂ ಈಗ ನಮ್ಮ ಪಟ್ಟಣಗಳಲ್ಲಿ ಹರಡಿದೆ.

ಸಕಲೇಶಪುರ, ಆಲೂರುಗಳ ಬೆಟ್ಟಸೀಮೆಯಲ್ಲಿ ಪಂಚಮಿಯು ಜಡಿಮಳೆಯ ನಡುವೆ ಬರುವುದು. ಹೇಮಾವತಿಯು ಕೆನ್ನೀರಿನಿಂದ ತುಂಬಿ ಹರಿಯುವ, ಗದ್ದೆಗಳಲ್ಲಿ ನಾಟಿಯ ಕೆಲಸವಿರುವ ಕಾಲವದು. ಅಂಥ ಮಳೆಯಲ್ಲಿಯೂ ತವರಿನ ದಾರಿ ಹಿಡಿದು ಬರುವ ಹೆಣ್ಣುಮಗಳು ಒಂದು ಸೀರೆಯ ಆಸೆಗಾಗಿ ಬರುವವಳಲ್ಲ. ತಾನು ಹುಟ್ಟಿದ ಮನೆಯಲ್ಲಿ ತನಗೆ ಇನ್ನೂ ಸ್ಥಾನವಿದೆಯೆಂಬ ಭರವಸೆಯೇ ಆಕೆಯನ್ನು ಕರೆತರುವುದು.

‘ಸೋದರ’ ಶಬ್ದಕ್ಕೆ ಸಮಾನವಾದ ಉದರವುಳ್ಳವನು, ಎಂದರೆ ಒಂದೇ ಗರ್ಭದಲ್ಲಿ ಜನಿಸಿದವನು ಎಂದು ಅರ್ಥ. ಕನ್ನಡದ ‘ಒಡಹುಟ್ಟು’ ಎಂಬ ಮಾತೂ ಇದನ್ನೇ ಹೇಳುವುದು. ಈ ಎರಡು ಶಬ್ದಗಳಲ್ಲಿಯೂ ಗಂಡು ಮೇಲು, ಹೆಣ್ಣು ಕೀಳು ಎಂಬ ಭಾವಕ್ಕೆ ಎಡೆಯಿಲ್ಲ.

ಈ ಹಬ್ಬವನ್ನು ಕುರಿತು ಚಿಂತಿಸುವಾಗ ಬಸವಣ್ಣನವರ ಒಂದು ಪ್ರಸಿದ್ಧ ವಚನವು ಯಾರಿಗಾದರೂ ನೆನಪಾಗದಿರದು. ಕಲ್ಲಿನ ನಾಗನಿಗೆ ಹಾಲೆರೆಯುವ ಜನರು ದಿಟದ ನಾಗನನ್ನು ಕಂಡರೆ ಕೊಲ್ಲಹೊರಡುವರು. ಉಣ್ಣಲಾರದ ಲಿಂಗಕ್ಕೆ ನೈವೇದ್ಯವನ್ನು ಹಿಡಿಯುವವರು ಹಸಿದು ಬಂದ ಜಂಗಮನನ್ನು ಹೊರಗಟ್ಟುವರು ಎಂಬುದು ಅದರ ಭಾವ. ಬೇಡಲಾರದ ವಸ್ತುವನ್ನು ಪೂಜಿಸುವುದು ಸುಲಭ. ಬೇಡುವ ಜೀವವನ್ನು ಗೌರವಿಸುವುದು ಕಷ್ಟ. ಭಕ್ತಿಯ ಪರೀಕ್ಷೆಯು ಈ ಎರಡನೆಯ ಸ್ಥಳದಲ್ಲಿಯೇ ಇರುವುದು.

ಕಳೆದ ವರ್ಷದ ಶ್ರಾವಣದಲ್ಲಿ ನಾನು ಈ ವಚನದ ಪಾಠವನ್ನು ಹೇಳುತ್ತಿದ್ದಾಗ, ಒಬ್ಬ ಬಾಲಕಿಯು ಎದ್ದು ನಿಂತು, “ಗುರುಗಳೆ, ನಮ್ಮ ಸೋದರತ್ತೆ ತೋಟದಲ್ಲಿ ಪಾಲು ಕೇಳಿದರೆಂದು ಅಪ್ಪ ಈ ಸಲ ಅವರನ್ನು ಪಂಚಮಿಗೆ ಕರೆಯಲಿಲ್ಲ. ಇದೂ ಕಲ್ಲುನಾಗನ ಪೂಜೆಯಂತೆಯೇ ಅಲ್ಲವೆ?” ಎಂದು ಕೇಳಿದಳು. ನಾನು ಕೂಡಲೆ ಉತ್ತರ ಕೊಡಲಾರದೆ ಹೋದೆನು. ಬಾಗಿನವನ್ನು ಸ್ವೀಕರಿಸಿ ಮೌನವಾಗಿ ಮರಳುವ ತಂಗಿಯು ನಮಗೆ ಪೂಜ್ಯಳು. ಬಾಯಿ ತೆರೆದು ನ್ಯಾಯವನ್ನು ಕೇಳುವ ತಂಗಿಯು ಶತ್ರು. ಆ ಮಗುವು ವಚನದ ಅರ್ಥವನ್ನು ನನಗಿಂತ ಚೆನ್ನಾಗಿ ಗ್ರಹಿಸಿದ್ದಳು.

ಶರಣರ ನಡೆಯಾದರೂ ಹೇಗಿತ್ತು? ಲಕ್ಕುಂಡಿಯ ಅಜಗಣ್ಣನು ತಂಗಿಯಾದ ಮುಕ್ತಾಯಕ್ಕನಿಗೆ ಅಣ್ಣನೂ ಹೌದು, ಗುರುವೂ ಹೌದು. ಅವನು ಲಿಂಗೈಕ್ಯನಾದ ಬಳಿಕ ಶೋಕಮಗ್ನಳಾದ ಆಕೆಯು ಅಲ್ಲಮಪ್ರಭುದೇವರೊಡನೆ ನಡೆಸಿದ ಸಂವಾದವು ಶೂನ್ಯಸಂಪಾದನೆಯ ಅತ್ಯಂತ ಗಹನವಾದ ಭಾಗಗಳಲ್ಲೊಂದು. ಆಕೆಯ ವಚನಗಳ ಅಂಕಿತವೂ ಅಣ್ಣನ ಹೆಸರೇ. ಬಸವಣ್ಣನವರ ಅಕ್ಕ ನಾಗಮ್ಮನವರಾದರೋ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬ ಅಂಕಿತದಲ್ಲಿ ತಮ್ಮನ ಹೆಸರನ್ನು ಇರಿಸಿಕೊಂಡರು. ಕಲ್ಯಾಣದ ವಿಪ್ಲವದ ತರುವಾಯ ಮಗನಾದ ಚೆನ್ನಬಸವಣ್ಣನವರೊಡನೆ ಶರಣರ ಸಮೂಹವನ್ನು ಉಳವಿಯ ಕಡೆಗೆ ನಡೆಸಿ, ಕಡೆಗೆ ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿ ಐಕ್ಯರಾದರೆಂದು ಸಂಪ್ರದಾಯವು ಹೇಳುವುದು. ತಮ್ಮನು ಹೊತ್ತ ಭಾರದಲ್ಲಿ ಆ ಅಕ್ಕನಿಗೆ ಸಮಭಾಗವಿತ್ತು.

ಶರಣರು ಹೆಣ್ಣುಮಕ್ಕಳಿಗೆ ಇಷ್ಟಲಿಂಗದಲ್ಲಿ, ಅನುಭಾವದಲ್ಲಿ, ಜ್ಞಾನದಲ್ಲಿ ಪಾಲನ್ನು ಕೊಟ್ಟರು. ಇವುಗಳಿಗಿಂತ ಹಿರಿದಾದ ಸಂಪತ್ತು ಬೇರಿಲ್ಲ. ಹಿರಿದನ್ನು ಹಂಚಿಕೊಂಡವರ ಪರಂಪರೆಯಲ್ಲಿ ಹುಟ್ಟಿ, ಕಿರಿದಾದ ನೆಲದಲ್ಲಿ ನಿನಗೆ ಪಾಲಿಲ್ಲವೆಂದು ನುಡಿಯುವ ನಾಲಗೆಯು ಯಾವ ಬಾಯಿಂದ ಶರಣರ ಹೆಸರನ್ನು ಹೇಳೀತು?

ಈಗ ಕಾಯಿದೆಯೂ ಇದನ್ನೇ ಹೇಳುತ್ತಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯು ಅದುವರೆಗೆ ವಿವಾಹವಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನವಾದ ಹಕ್ಕನ್ನು ನೀಡಿತು. 2005ರ ಕೇಂದ್ರದ ತಿದ್ದುಪಡಿಯು ವಿವಾಹಿತೆಯರಿಗೂ ಆ ಹಕ್ಕನ್ನು ವಿಸ್ತರಿಸಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. ಆದರೆ ಹಕ್ಕು ಬಿಡುಗಡೆಯ ಪತ್ರಕ್ಕೆ ಅಕ್ಕತಂಗಿಯರಿಂದ ರುಜು ಹಾಕಿಸಿಕೊಳ್ಳುವುದು ಇನ್ನೂ ನಿಂತಿಲ್ಲ. ರುಜು ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಬಿಟ್ಟುಕೊಟ್ಟದ್ದು ತ್ಯಾಗವೆನಿಸದು. ಆಕೆಯು ತಿಳಿದು, ಮನವೊಪ್ಪಿ ಕೊಟ್ಟರೆ ಅದು ದಾನ. ಅಂಜಿ ಕೊಟ್ಟರೆ ಅದನ್ನು ಪಡೆದವನಿಗೆ ಋಣ.

ಪರರಿಗೆ ಹೇಳುವ ಮುನ್ನ ನನ್ನದನ್ನು ಹೇಳಬೇಕು. ನಮ್ಮ ತಂದೆಯವರು ಲಿಂಗೈಕ್ಯರಾದ ವರ್ಷ ಅಂಥ ಒಂದು ಪತ್ರವನ್ನು ನಾನೇ ಬರೆಯಿಸಿ, ಅಕ್ಕನ ಮುಂದೆ ಇರಿಸಿದ್ದೆನು. ಆಕೆಯು ಓದದೆ ರುಜು ಹಾಕಿದಳು. ಅಂದಿನಿಂದ ಪ್ರತಿ ಪಂಚಮಿಗೂ ಬಂದು ನನ್ನ ಬೆನ್ನಿಗೆ ಹಾಲು ಸೋಕಿಸಿ ಹೋಗುತ್ತಿದ್ದಳು. ಆ ಬಾಲಕಿಯ ಪ್ರಶ್ನೆಯನ್ನು ಕೇಳಿದ ವಾರವೇ ನಾನು ಆಲೂರಿನ ಕಡೆಯ ಅವಳ ಮನೆಗೆ ಹೋಗಿ, “ಅಕ್ಕ, ನಿನ್ನ ಪಾಲನ್ನು ನಿನ್ನ ಹೆಸರಿಗೆ ಮಾಡಿಸುತ್ತೇನೆ” ಎಂದೆನು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ನೆಲದ ಮಾತು ಇರಲಿ ತಮ್ಮಯ್ಯ, ಅವತ್ತು ನನ್ನನ್ನು ಒಂದು ಮಾತು ಕೇಳಬಹುದಿತ್ತು” ಎಂದಳು. ನೆಲದ ಕಾಗದಪತ್ರಗಳ ಕೆಲಸವು ಈಗ ಮುಗಿದಿದೆ. ಅಂದು ಕೇಳದೆ ಹೋದುದನ್ನು ಮಾತ್ರ ಸರಿಪಡಿಸಲು ನನ್ನಿಂದಾಗದು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಬರುವ ಪಂಚಮಿಗೆ ಸೋದರಿಯನ್ನು ಕರೆಯಿರಿ. ಜಗಳವಾಡಿದವಳನ್ನು ಮೊದಲು ಕರೆಯಿರಿ. ಆಕೆಯ ಮುಂದೆ ಕುಳಿತು, ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿರಿ. ಉತ್ತರವು ಕಹಿಯಾಗಿದ್ದರೂ ಕಡೆಯವರೆಗೆ ಕೇಳಿರಿ. ಆ ಬಳಿಕ ಆಕೆಯ ಹಾಲಿಗೆ ಬೆನ್ನೊಡ್ಡಿರಿ.