ಹಿಂಗಾರಿನಲ್ಲಿ ಓಟ

ಬಂಡಳ್ಳಿಯ ಸುತ್ತಿನ ಹೊಲಗಳಲ್ಲಿ ರಾಗಿಯ ತೆನೆ ಬಲಿಯುವ ಕಾಲಕ್ಕೇ ಹಿಂಗಾರು ಮಳೆಯೂ ಬರುವುದುಂಟು. ಹನೂರು, ಕೊಳ್ಳೇಗಾಲಗಳ ಸೀಮೆಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಆಕಾಶ ಕವಿಯುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತವು ಪುದುಚೇರಿಯ ಬಳಿ ತೀರವನ್ನು ತಲಪಿತು. ಅದರ ಬೆನ್ನಿಗೇ ದಕ್ಷಿಣ ಕರ್ನಾಟಕದ ಜಿಲ್ಲೆಗಳೂ ಮಳೆಯಲ್ಲಿ ತೊಯ್ದವು. ಇಂತಹ ಮಳೆ ನಿಂತಿತೆನ್ನುವಷ್ಟರಲ್ಲಿ ಮಾರ್ಗಶಿರದ ಚಳಿ, ಮುಂಜಾವಿನ ಮಂಜು.

ಓಟವನ್ನು ಅಭ್ಯಾಸ ಮಾಡುವವರಿಗೆ ಇವು ಕಷ್ಟದ ದಿನಗಳು. ನಮ್ಮ ಹಳ್ಳಿಗಳ ತರುಣರಲ್ಲಿ ಅನೇಕರು ಓಡುವುದು ಪದಕಕ್ಕಾಗಿ ಅಲ್ಲ, ಅನ್ನಕ್ಕಾಗಿ. ಕರ್ನಾಟಕದ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯನ್ನು ಬಯಸುವ ಪುರುಷ ಅಭ್ಯರ್ಥಿಯು 1600 ಮೀಟರ್ ದೂರವನ್ನು ಆರೂವರೆ ನಿಮಿಷಗಳೊಳಗೆ ಓಡಿ ಮುಗಿಸಬೇಕು. ಎಂದರೆ ಪ್ರತಿ 400 ಮೀಟರಿಗೆ ದೊರೆಯುವ ಕಾಲ 97 ಸೆಕೆಂಡುಗಳಿಗಿಂತ ಕೊಂಚವೇ ಹೆಚ್ಚು. ಗಡಿಯಾರಕ್ಕೆ ಮಳೆಯ ನೆಪವನ್ನು ಹೇಳಿ ಪ್ರಯೋಜನವಿಲ್ಲ.

ಒಬ್ಬ ತರುಣನು ಕಾಗದದ ಮೇಲೆ ವಾರದ ಕ್ರಮವನ್ನು ಬರೆದುಕೊಂಡಿದ್ದಾನೆಂದು ಇಟ್ಟುಕೊಳ್ಳಬಹುದು: ಸೋಮವಾರ ನಿಧಾನದ ಓಟ, ಬುಧವಾರ ವೇಗದ ಓಟ, ಶನಿವಾರ ದೀರ್ಘ ಓಟ. ಐದು ದಿನ ಎಡೆಬಿಡದೆ ಮಳೆ ಸುರಿಯಿತು. ಕಾಗದದಲ್ಲಿ ಖಾಲಿ ಉಳಿದ ಮನೆಗಳನ್ನು ಕಂಡು ಅವನಿಗೆ ಗಾಬರಿಯಾಯಿತು. ಬಿಸಿಲು ಕಂಡ ಮೊದಲ ದಿನವೇ, ತಪ್ಪಿದ್ದನ್ನೆಲ್ಲ ತೀರಿಸಬೇಕೆಂದು ಬುಧವಾರದ ವೇಗವನ್ನೂ ಶನಿವಾರದ ದೂರವನ್ನೂ ಕೂಡಿಸಿ ಓಡಿದ. ಮರುದಿನವೂ ಬಿಡಲಿಲ್ಲ. ಮೂರನೆಯ ದಿನ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನುದ್ದಕ್ಕೂ ನೋವು. ಮಳೆಯು ಕಸಿದದ್ದು ಐದು ದಿನ. ಅವಸರವು ಕಸಿದದ್ದು ಒಂದು ತಿಂಗಳು.

ಅವನ ಗಾಬರಿಗೆ ವಾಸ್ತವದಲ್ಲಿ ಕಾರಣವೇ ಇರಲಿಲ್ಲ. ಗಳಿಸಿದ ದಮ್ಮು ನಾಲ್ಕೈದು ದಿನಗಳಲ್ಲಿ ಕರಗಿಹೋಗುವಂಥದಲ್ಲ. ಅಭ್ಯಾಸ ಪೂರ್ಣವಾಗಿ ನಿಂತು ಎರಡು ವಾರಗಳಾಗುವ ಹೊತ್ತಿಗೆ ರಕ್ತದ ದ್ರವಾಂಶ ಕುಗ್ಗಿ, ಹೃದಯವು ಒಂದೊಂದು ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣ ಇಳಿದು, ನಷ್ಟವು ಸ್ಪಷ್ಟವಾಗಿ ಕಾಣತೊಡಗುತ್ತದೆ. ಎಲುಬು ಮತ್ತು ಸ್ನಾಯುರಜ್ಜುಗಳ ಸ್ವಭಾವವೇ ಬೇರೆ. ಅವು ಉಸಿರಿಗಿಂತ ನಿಧಾನವಾಗಿ ಗಟ್ಟಿಗೊಳ್ಳುತ್ತವೆ. ಬೆಳೆಯುವ ವಯಸ್ಸಿನಲ್ಲಂತೂ ಹಠಾತ್ತಾಗಿ ಹೇರಿದ ಹೊರೆಯನ್ನು ಸಹಿಸಲಾರವು. ಆದುದರಿಂದ ತಪ್ಪಿದ ಓಟವು ತೀರಿಸಬೇಕಾದ ಸಾಲವಲ್ಲ. ಅದನ್ನು ಬಿಟ್ಟು, ಮುಂದಿನ ವಾರದ ಮುಖ್ಯ ಓಟ ಯಾವುದೆಂದು ಕೇಳಿಕೊಂಡು, ಅದೊಂದನ್ನು ಉಳಿಸಿಕೊಳ್ಳಬೇಕು. ಮಳೆಯು ಹತ್ತು ಹದಿನೈದು ದಿನ ನುಂಗಿದ್ದರೆ ಅರ್ಧ ದೂರದಿಂದ ಪುನಃ ಆರಂಭಿಸಿ ಮೆಲ್ಲನೆ ಏರಬೇಕು.

ಕೆಸರಿನ ದಿನಗಳಲ್ಲಿ ದೂರವನ್ನು ಅಳೆಯುವುದೂ ವ್ಯರ್ಥವೇ. ಒದ್ದೆ ಮಣ್ಣು ಹೆಜ್ಜೆ ಹೆಜ್ಜೆಗೂ ಪಾದವನ್ನು ಹಿಡಿಯುವುದರಿಂದ ಒಣ ನೆಲದ ವೇಗವನ್ನು ಅಲ್ಲಿ ಬಯಸಲಾಗದು. ಸ್ವೀಡನ್ನಿನ ತರಬೇತುಗಾರ ಯೋಸ್ಟಾ ಹೋಲ್ಮೆರ್ 1930ರ ದಶಕದಲ್ಲಿ ರೂಪಿಸಿದ ಫಾರ್ಟ್‌ಲೆಕ್ ಪದ್ಧತಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಆ ಮಾತಿಗೆ ವೇಗದ ಆಟವೆಂದು ಅರ್ಥ. ಅಳೆದ ಅಂಕಣವೇ ಬೇಡ: ಆ ಮರದಿಂದ ಈ ಮರದವರೆಗೆ ಬಿರುಸಾಗಿ, ಮುಂದೆ ಉಸಿರು ಹದಕ್ಕೆ ಬರುವವರೆಗೆ ನಿಧಾನವಾಗಿ, ಹೀಗೆ ಅರ್ಧ ಗಂಟೆ.

ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದಿದ್ದರೆ ಮನೆಯ ಪಡಸಾಲೆಯೂ ಸಾಕು. ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ನಿಂತಲ್ಲಿಯೇ ಓಡಿ ಅಭ್ಯಾಸ ಮಾಡಿದವನು. ಹಿಮದಲ್ಲಿ ಸೈನಿಕರ ಬೂಟು ತೊಟ್ಟು ಓಡಿದವನೂ ಅವನೇ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5000 ಮೀಟರ್, 10000 ಮೀಟರ್, ಮ್ಯಾರಥಾನ್ ಮೂರನ್ನೂ ಅವನು ಗೆದ್ದ. ಬೂಟಿನ ಕಥೆಯನ್ನು ಹೇಳುವವರು ಬಹಳ. ಅವನು ಅನೇಕ ವರ್ಷಗಳ ಅಭ್ಯಾಸದಿಂದ ಪಳಗಿದ ಸೈನಿಕನಾಗಿದ್ದನೆಂಬುದನ್ನು ಹೇಳುವವರು ವಿರಳ.

ಚಳಿಯ ಬೆಳಗಿನಲ್ಲಿ ಸ್ನಾಯುಗಳು ಬಿಗಿದಿರುತ್ತವೆ. ಮೊದಲ ಹತ್ತು ನಿಮಿಷ ನಡಿಗೆ, ಅನಂತರ ಮೆಲ್ಲೋಟ, ಅದಾದ ಮೇಲೆಯೇ ವೇಗ. ಮಂಜು ಕವಿದಿರುವಾಗ ರಸ್ತೆಯಲ್ಲಿ ಓಡುವ ಹುಡುಗನು ಲಾರಿಯ ಚಾಲಕನಿಗೆ ಕಾಣುವುದಿಲ್ಲ. ಹನೂರಿನ ಸೀಮೆಯ ಕಾಡಂಚಿನಲ್ಲಿಯಾದರೋ ಬೆಳೆಗಾಗಿ ಇಳಿದ ಆನೆಗಳು ನಸುಕಿನಲ್ಲಿ ಮರಳುತ್ತಿರುತ್ತವೆ. ಅಲ್ಲಿನ ಓಟಗಾರನು ಹೊತ್ತು ಏರಿ ದಾರಿ ನಿಚ್ಚಳವಾಗುವವರೆಗೆ ಕಾಯಬೇಕು. ಅದರಿಂದ ಶಾಲೆಗೆ ತಡವಾಗುವುದಾದರೆ ಆ ದಿನದ ಓಟವನ್ನು ಸಂಜೆಗೆ, ಬೆಳಕಿರುವಾಗಲೇ, ಇಟ್ಟುಕೊಳ್ಳಬಹುದು.