ಪುಕ್ಕಟೆ ತಂತ್ರಾಂಶದ ಒಡೆತನ: ಓಪನ್‌ಸೋಲಾರಿಸ್ ಪ್ರಕರಣದ ಒಂದು ಅಧ್ಯಯನ

ಮಧ್ಯಮ ಗಾತ್ರದ ತಯಾರಿಕಾ ಸಂಸ್ಥೆಯೊಂದರ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಅದರ ಸ್ಥಿರ ಆಸ್ತಿಗಳ ವಹಿಯನ್ನು ಪರಿಶೀಲಿಸುತ್ತಿದ್ದೆ. ಸರ್ವರ್ ಯಂತ್ರದ ಕ್ರಯ ನಮೂದಾಗಿತ್ತು, ಯು.ಪಿ.ಎಸ್., ಬ್ಯಾಟರಿ, ಕೇಬಲ್ಲುಗಳ ಬೆಲೆಯೂ ಇತ್ತು. ಆ ಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯ ಎದುರು ಮಾತ್ರ ಸೊನ್ನೆ ಬರೆದಿತ್ತು. ಇದು ಯಾರದು ಎಂದು ಕೇಳಿದೆ. ಗಣಕ ವಿಭಾಗದ ಯುವಕರು, "ಯಾರದೂ ಅಲ್ಲ ಸರ್, ಪುಕ್ಕಟೆಯದು" ಎಂದರು.

ಕ್ರಯ ಸೊನ್ನೆ ಎಂಬುದು ಸರಿಯೇ. ಆದರೆ ಯಾರದೂ ಅಲ್ಲ ಎಂಬ ಮಾತನ್ನು ಲೆಕ್ಕಪರಿಶೋಧಕನಾದವನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಕಂಪನಿಗಳ ಅಧಿನಿಯಮ, 2013ರ 128ನೆಯ ಪ್ರಕರಣದ 5ನೆಯ ಉಪಪ್ರಕರಣದಂತೆ ಲೆಕ್ಕಪುಸ್ತಕಗಳನ್ನು ಹಿಂದಿನ ಎಂಟು ಆರ್ಥಿಕ ವರ್ಷಗಳಷ್ಟು ಕಾಲ ಕಾಯ್ದಿಡಬೇಕು. ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯಂತೆ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಅಂತಿಮ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಈ ಲೆಕ್ಕಗಳೆಲ್ಲವೂ ಯಾವ ವ್ಯವಸ್ಥೆಯ ಮೇಲೆ ನಿಂತಿವೆಯೋ ಅದು ಅಷ್ಟು ಕಾಲ ಉಳಿಯುವುದೇ, ಅದರ ದೋಷಗಳನ್ನು ತಿದ್ದುವವರು ಇರುವರೇ ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಉದ್ಯಮವು ಮುಂದುವರಿಯುವುದೆಂಬ ಭಾವನೆಯ ಮೇಲೆ ನಾವು ಆಢಾವೆ ಪತ್ರಿಕೆಯನ್ನು ಸಿದ್ಧಪಡಿಸುತ್ತೇವೆ. ಅದೇ ಪರೀಕ್ಷೆಯನ್ನು ತಂತ್ರಾಂಶಕ್ಕೂ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಚಾಸಿ ಮತ್ತು ಬಾಡಿ

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಸೋಲಾರಿಸ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಮೂಲದ ಬಿ.ಎಸ್.ಡಿ. ಪ್ರಭೇದಗಳು ಅದರ ನೇರ ವಂಶದವು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದರ ಮಾದರಿಯನ್ನು ಅನುಸರಿಸಿ ಹೊಸದಾಗಿ ಬರೆದದ್ದು.

ನಮ್ಮ ಸಾರಿಗೆ ಉದ್ಯಮದ ಸದಸ್ಯರಿಗೆ ಒಂದು ಉದಾಹರಣೆಯಿಂದ ವಿಷಯ ಸುಲಭವಾಗಿ ತಿಳಿದೀತು. ಬಸ್ಸಿನ ಚಾಸಿ ಒಂದು ಕಾರ್ಖಾನೆಯಿಂದ ಬರುತ್ತದೆ. ಬಾಡಿ ಕಟ್ಟುವವರು ಬೇರೆ. ಸೀಟು, ಗಾಜು, ಬಣ್ಣದವರು ಮತ್ತೂ ಬೇರೆ. ಕರ್ನಲ್ ಎಂಬುದು ಚಾಸಿ. ಅದಕ್ಕೆ ನೂರಾರು ಕಡೆಗಳಿಂದ ತಂದ ತಂತ್ರಾಂಶಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿ, ರಸ್ತೆಗೆ ಇಳಿಯುವ ಸ್ಥಿತಿಯಲ್ಲಿ ಕೊಡುವುದೇ ಡಿಸ್ಟ್ರಿಬ್ಯೂಷನ್, ಅಂದರೆ ವಿತರಣಾ ಆವೃತ್ತಿ. ಮುಕ್ತ ತಂತ್ರಾಂಶದಲ್ಲಿ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಈ ಜೋಡಣೆಯನ್ನು ಕಂಪನಿಯೂ ಮಾಡಬಹುದು, ಸ್ವಯಂಸೇವಕರ ಸಮುದಾಯವೂ ಮಾಡಬಹುದು. ಇವೆರಡೂ ಬೆರೆತಾಗ ಅಧಿಕಾರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದಕ್ಕೆ ಓಪನ್‌ಸೋಲಾರಿಸ್ ಒಳ್ಳೆಯ ನಿದರ್ಶನ.

ಸನ್ ಕಂಪನಿ ಕೊಟ್ಟದ್ದು, ಕೊಡದೆ ಉಳಿಸಿಕೊಂಡದ್ದು

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು ತನ್ನ ಸೋಲಾರಿಸ್ ವ್ಯವಸ್ಥೆಯ ಸೋರ್ಸ್ ಕೋಡ್‌ನ ಬಹುಭಾಗವನ್ನು 2005ರ ಜೂನ್‌ನಲ್ಲಿ ಸಿ.ಡಿ.ಡಿ.ಎಲ್. ಎಂಬ ಮುಕ್ತ ಪರವಾನಗಿಯಡಿ ಪ್ರಕಟಿಸಿತು. ಆಡಳಿತ ಮಂಡಳಿ ರಚನೆಯಾಯಿತು, ಸಂವಿಧಾನ ಅಂಗೀಕಾರವಾಯಿತು, ಸದಸ್ಯರಿಗೆ ಮತದಾನದ ಹಕ್ಕು ದೊರೆಯಿತು.

ಇದರಲ್ಲಿ ನಮ್ಮ ನಾಡಿನ ಪಾಲೂ ಇತ್ತು. ಬೆಂಗಳೂರಿನಲ್ಲಿದ್ದ ಸನ್‌ನ ಎಂಜಿನಿಯರಿಂಗ್ ಕೇಂದ್ರದ ಕೆಲವರು ಬೆಲೆನಿಕ್ಸ್ ಎಂಬ ಆವೃತ್ತಿಯನ್ನು ಸಿದ್ಧಪಡಿಸಿದರು. ಯಂತ್ರದಲ್ಲಿ ಏನನ್ನೂ ಸ್ಥಾಪಿಸದೆ ನೇರವಾಗಿ ಸಿ.ಡಿ.ಯಿಂದಲೇ ನಡೆಯುವ ಓಪನ್‌ಸೋಲಾರಿಸ್ ಅದು. ಕೆಲ್ಟ್ ಜನರ ಸೂರ್ಯದೇವತೆಯಾದ ಬೆಲೆನಸ್‌ನಿಂದ ಹೆಸರು ಪಡೆದ ಅದರ ತಂತ್ರವನ್ನೇ ಸನ್ ಮುಂದೆ ತನ್ನ ಅಧಿಕೃತ ಆವೃತ್ತಿಗೆ ಅಳವಡಿಸಿಕೊಂಡಿತು. ಬೆಂಗಳೂರು ಕೇವಲ ಹೊರಗುತ್ತಿಗೆಯ ಕೆಲಸ ಮಾಡುತ್ತದೆ ಎಂದು ಆಗಾಗ್ಗೆ ಬರೆಯುವವರು ಇದನ್ನು ಗಮನಿಸಬಹುದು. ಬೆಲೆನಿಕ್ಸ್ ಇಂದು ನಿಂತುಹೋಗಿದೆ.

ಲೆಕ್ಕಿಗನ ಕಣ್ಣಿನಿಂದ ನೋಡಿದರೆ ಆ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಮೂರು ಕೊರತೆಗಳು ಕಾಣುತ್ತವೆ. ಓಪನ್‌ಸೋಲಾರಿಸ್ ಎಂಬ ಹೆಸರಿನ ಹಕ್ಕು ಸನ್ ಕಂಪನಿಯದೇ ಆಗಿತ್ತು. ಹೊರಗಿನವರು ಕೋಡ್ ಕೊಡುವಾಗ ಅದರ ಜಂಟಿ ಕೃತಿಸ್ವಾಮ್ಯವನ್ನು ಸನ್‌ಗೆ ಬರೆದುಕೊಡಬೇಕಾಗಿತ್ತು; ಆದ್ದರಿಂದ ಮುಂದೆ ಬೇರೆ ಪರವಾನಗಿಯಡಿ ಮುಚ್ಚಿಟ್ಟು ಮಾರುವ ಅಧಿಕಾರ ಕಂಪನಿಗೆ ಮಾತ್ರ ಇತ್ತು, ಉಳಿದವರಿಗೆ ಇರಲಿಲ್ಲ. ಇಷ್ಟಲ್ಲದೆ ವ್ಯವಸ್ಥೆಯ ಕೆಲವು ಅಗತ್ಯ ಭಾಗಗಳು ತೆರೆದೇ ಇರಲಿಲ್ಲ. ಸಿದ್ಧಗೊಂಡ ಕಡತಗಳ ರೂಪದಲ್ಲಿ ಮಾತ್ರ ದೊರೆಯುತ್ತಿದ್ದವು. ಕೆಲಸ ಮಾಡುವವರಲ್ಲಿ ಬಹುಮಂದಿ ಸನ್‌ನ ಸಂಬಳದವರೇ. ಮಂಡಳಿಗೆ ಮತವಿತ್ತು, ಆದರೆ ಸ್ವಂತ ಆಸ್ತಿಯಾಗಲಿ, ಬ್ಯಾಂಕ್ ಖಾತೆಯಾಗಲಿ ಇರಲಿಲ್ಲ.

ಮೊದಲ ಬಿರುಕು ಕಂಡದ್ದು ಹೆಸರಿನ ವಿಷಯದಲ್ಲಿ. ಸನ್ 2007ರಲ್ಲಿ ಇಯಾನ್ ಮರ್ಡಾಕ್ ಅವರನ್ನು ಸೇರಿಸಿಕೊಂಡು ಪ್ರಾಜೆಕ್ಟ್ ಇಂಡಿಯಾನಾ ಎಂಬ ಹೊಸ ಆವೃತ್ತಿಯ ಕೆಲಸ ಆರಂಭಿಸಿತು. ಅದಕ್ಕೆ ಸಮುದಾಯದ ಸಾಮಾನ್ಯ ಹೆಸರಾಗಿದ್ದ ಓಪನ್‌ಸೋಲಾರಿಸ್ ಎಂಬುದನ್ನೇ ಇಡಲು ಕಂಪನಿ ನಿರ್ಧರಿಸಿದಾಗ ವಿರೋಧ ಬಂದಿತು. 2008ರ ಫೆಬ್ರವರಿಯಲ್ಲಿ, ವೆಬ್ ತಂತ್ರಜ್ಞಾನದಲ್ಲಿ ಖ್ಯಾತರಾದ ರಾಯ್ ಫೀಲ್ಡಿಂಗ್ ಸಮುದಾಯವನ್ನು ಬಿಟ್ಟು ಹೊರನಡೆದರು. ಮೇ ತಿಂಗಳಲ್ಲಿ ಆ ಆವೃತ್ತಿ ಅದೇ ಹೆಸರಿನಲ್ಲಿ ಬಿಡುಗಡೆಯಾಯಿತು.

2010ರ ಆಗಸ್ಟ್

2010ರ ಜನವರಿಯಲ್ಲಿ ಒರಾಕಲ್ ಕಂಪನಿಯು ಸನ್ ಅನ್ನು ಕೊಂಡುಕೊಂಡಿತು. ಕಂಪನಿ ಕೈಬದಲಾದರೆ ಹಳೆಯ ಭರವಸೆಗಳಲ್ಲಿ ಬರವಣಿಗೆಯಲ್ಲಿದ್ದವು ಮಾತ್ರ ಉಳಿಯುತ್ತವೆ ಎಂಬುದು ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಸಮುದಾಯದ ಪತ್ರಗಳಿಗೆ ಉತ್ತರ ಬರಲಿಲ್ಲ. ಸಂಪರ್ಕಾಧಿಕಾರಿಯೊಬ್ಬರನ್ನು ಆಗಸ್ಟ್ 16ರೊಳಗೆ ನೇಮಿಸದಿದ್ದರೆ ತಾವು ಅಧಿಕಾರವನ್ನು ಕಂಪನಿಗೇ ಹಿಂದಿರುಗಿಸುವುದಾಗಿ ಮಂಡಳಿ ಜುಲೈಯಲ್ಲಿ ನಿರ್ಣಯ ಮಾಡಿತು. ಆಗಸ್ಟ್ 13ರಂದು ಒರಾಕಲ್‌ನ ಆಂತರಿಕ ಟಿಪ್ಪಣಿಯೊಂದು ಹೊರಬಿದ್ದಿತು: ಬೆಳವಣಿಗೆಯ ಹಂತದ ಕೋಡ್ ಅನ್ನು ದಿನದಿನವೂ ಪ್ರಕಟಿಸುವ ಪದ್ಧತಿ ನಿಲ್ಲುವುದು, ಓಪನ್‌ಸೋಲಾರಿಸ್ ಆವೃತ್ತಿ ಮುಂದೆ ಇರುವುದಿಲ್ಲ ಎಂಬುದು ಅದರ ಸಾರಾಂಶ. ಆಗಸ್ಟ್ 23ರಂದು ಮಂಡಳಿಯ ಸದಸ್ಯರೆಲ್ಲರೂ ಒಟ್ಟಾಗಿ ರಾಜೀನಾಮೆ ಕೊಟ್ಟರು.

ಇಲ್ಲಿ ಕಂಪನಿಯನ್ನು ದೂರುವುದು ಸುಲಭ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒರಾಕಲ್ ತನ್ನ ಹಕ್ಕಿನ ಮಿತಿಯೊಳಗೇ ನಡೆದುಕೊಂಡಿತು. ಮಿತಿಯನ್ನು ಅಷ್ಟು ಅಗಲವಾಗಿ ಬಿಟ್ಟವರು ಐದು ವರ್ಷದ ಹಿಂದೆ ಕರಾರಿಗೆ ಸಹಿ ಹಾಕಿದವರು.

ಆದರೆ ಒಮ್ಮೆ ಮುಕ್ತ ಪರವಾನಗಿಯಡಿ ಕೊಟ್ಟ ಕೋಡ್ ಅನ್ನು ಹಿಂದಕ್ಕೆ ಪಡೆಯಲು ಒರಾಕಲ್‌ಗೂ ಸಾಧ್ಯವಿರಲಿಲ್ಲ. ಟಿಪ್ಪಣಿ ಹೊರಬೀಳುವ ಹತ್ತು ದಿನ ಮೊದಲೇ, ಆಗಸ್ಟ್ 3ರಂದು, ಗ್ಯಾರೆಟ್ ಡಿ'ಅಮೋರ್ ಅವರು ಇಲ್ಯೂಮಾಸ್ ಎಂಬ ಯೋಜನೆಯನ್ನು ಪ್ರಕಟಿಸಿದ್ದರು. ಮುಚ್ಚಿದ ಭಾಗಗಳನ್ನು ಒಂದೊಂದಾಗಿ ಹೊಸದಾಗಿ ಬರೆದು ತುಂಬುವುದು ಅದರ ಮೊದಲ ಕೆಲಸ. ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಅದೇ ಮೂಲದ ಓಪನ್‌ಇಂಡಿಯಾನಾ ಎಂಬ ವಿತರಣಾ ಆವೃತ್ತಿ ಘೋಷಣೆಯಾಯಿತು. ಹೆಸರಿನಲ್ಲಿ ಹಳೆಯ ಪ್ರಾಜೆಕ್ಟ್ ಇಂಡಿಯಾನಾದ ನೆನಪಿದೆ. ಹದಿನೈದು ವರ್ಷ ಕಳೆದರೂ ಎರಡೂ ನಡೆಯುತ್ತಿವೆ. ಅಂದರೆ ಪರವಾನಗಿ ಕೋಡ್ ಅನ್ನು ಉಳಿಸಿತು. ಹೆಸರನ್ನೂ ಸಂಬಳದ ಎಂಜಿನಿಯರುಗಳನ್ನೂ ಉಳಿಸಲಿಲ್ಲ. ಬಳಕೆದಾರರ ಸಂಖ್ಯೆಯಲ್ಲಿ ಇವು ಇಂದು ಸಣ್ಣ ಯೋಜನೆಗಳೇ.

ಇದೇ ವಂಶದ ಮತ್ತೊಂದು ಘಟನೆಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಓಮ್ನಿಟಿಐ ಎಂಬ ಅಮೆರಿಕದ ಕಂಪನಿ ಇಲ್ಯೂಮಾಸ್ ಆಧರಿಸಿ ಓಮ್ನಿಓಎಸ್ ಎಂಬ ಸರ್ವರ್ ಆವೃತ್ತಿಯನ್ನು ನಡೆಸುತ್ತಿತ್ತು. 2017ರ ಏಪ್ರಿಲ್‌ನಲ್ಲಿ ತಾನು ಇನ್ನು ಅದನ್ನು ಬೆಳೆಸುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿತು. ಬಳಕೆದಾರರಲ್ಲಿ ಕೆಲವರು ಕೂಡಲೇ ಕೆಲಸವನ್ನು ವಹಿಸಿಕೊಂಡು ಅದೇ ವರ್ಷದ ಜುಲೈಯಲ್ಲಿ ಸಮುದಾಯ ಆವೃತ್ತಿಯನ್ನು ಹೊರತಂದರು. ಅದನ್ನು ನಡೆಸಲು ಸ್ವಿಟ್ಜರ್ಲೆಂಡಿನಲ್ಲಿ ಒಂದು ಸಂಘವನ್ನೂ ಸ್ಥಾಪಿಸಿದರು. ಸಂಘವಿದ್ದರೆ ಹಣ ಪಡೆಯಲು, ಖರ್ಚಿಗೆ ಲೆಕ್ಕ ಕೊಡಲು, ಪದಾಧಿಕಾರಿಗಳು ಬದಲಾದರೂ ಮುಂದುವರಿಯಲು ಒಂದು ನೆಲೆ ಸಿಗುತ್ತದೆ.

ಅದೇ ವ್ಯಕ್ತಿಯ ಇನ್ನೊಂದು ಯೋಜನೆ

ಸನ್ ಸೇರಿದ ಇಯಾನ್ ಮರ್ಡಾಕ್ ಅವರೇ 1993ರ ಆಗಸ್ಟ್‌ನಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯನ್ನು ಆರಂಭಿಸಿದ್ದರು. ಅವರು ಅದರಿಂದ ದೂರವಾಗಿ ಎಷ್ಟೋ ವರ್ಷಗಳಾದ ಬಳಿಕ, 2015ರಲ್ಲಿ, ನಿಧನರಾದರು. ಡೆಬಿಯನ್ ನಿಲ್ಲಲಿಲ್ಲ. ಕಾರಣ ಅದರ ಕಟ್ಟಡದಲ್ಲಿದೆ. ಡೆಬಿಯನ್ ಸ್ವತಃ ನೋಂದಾಯಿತ ಸಂಸ್ಥೆಯಲ್ಲ. 1997ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ ಎಂಬ ಲಾಭರಹಿತ ಸಂಸ್ಥೆ ಅದರ ವ್ಯಾಪಾರ ಚಿಹ್ನೆಯನ್ನೂ ದೇಣಿಗೆಯ ಹಣವನ್ನೂ ನ್ಯಾಸಧಾರಿಯಂತೆ ಕಾಯುತ್ತದೆ. 1998ರಿಂದ ಲಿಖಿತ ಸಂವಿಧಾನವಿದೆ. ಯೋಜನೆಯ ನಾಯಕರನ್ನು ಸದಸ್ಯರು ವರ್ಷಕ್ಕೊಮ್ಮೆ ಚುನಾಯಿಸುತ್ತಾರೆ. ಯಾವ ಕಂಪನಿಯೂ ಅದನ್ನು ಕೊಂಡುಕೊಳ್ಳಲಾರದು, ಏಕೆಂದರೆ ಕೊಳ್ಳಲು ಷೇರುಗಳೇ ಇಲ್ಲ.

ಇದಕ್ಕೆ ವಿರುದ್ಧವಾದದ್ದು ಸೆಂಟ್‌ಓಎಸ್‌ನ ಅನುಭವ. ರೆಡ್ ಹ್ಯಾಟ್ ಕಂಪನಿಯ ವಾಣಿಜ್ಯ ಆವೃತ್ತಿಗೆ ಸರಿಸಮವಾದ ಪುಕ್ಕಟೆ ಆವೃತ್ತಿಯಾಗಿ ಸಮುದಾಯವು ಆರಂಭಿಸಿದ ಈ ಯೋಜನೆ 2014ರಲ್ಲಿ ರೆಡ್ ಹ್ಯಾಟ್‌ನ ಆಶ್ರಯಕ್ಕೆ ಬಂದಿತು. 2029ರವರೆಗೆ ಬೆಂಬಲ ದೊರೆಯುವುದೆಂದು ನಂಬಿದ್ದ ಅದರ 8ನೆಯ ಆವೃತ್ತಿ 2021ರ ಡಿಸೆಂಬರ್ 31ಕ್ಕೇ ಮುಗಿಯುವುದೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಸರ್ವರ್ ನಡೆಸುವವರಿಗೆ ಉಳಿದದ್ದು ಒಂದು ವರ್ಷ. 2021ರಲ್ಲಿಯೇ ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಎಂಬ ಎರಡು ಬದಲಿ ಆವೃತ್ತಿಗಳು ಬಂದವು. ಇಲ್ಲಿಯೂ ಪರವಾನಗಿಯೇ ಕಾಪಾಡಿತು, ಆದರೆ ಸ್ಥಳಾಂತರದ ಶ್ರಮ ಬಳಕೆದಾರರ ಪಾಲಿಗೆ ಬಂದಿತು.

ಸಮುದಾಯದ ದೌರ್ಬಲ್ಯ

ಸಮುದಾಯವೆಂದರೆ ಎಲ್ಲವೂ ಕ್ಷೇಮ ಎಂದು ಭಾವಿಸಬೇಕಾಗಿಲ್ಲ. ಡೆಬಿಯನ್‌ನಲ್ಲಿಯೇ 2006ರಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯಿಂದ ಗೂಢಲಿಪಿಯ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾದವು. 2008ರ ಮೇ ತಿಂಗಳವರೆಗೆ ಅದು ಯಾರ ಗಮನಕ್ಕೂ ಬರಲಿಲ್ಲ.

2024ರ ಮಾರ್ಚ್‌ನ ಎಕ್ಸ್‌ಜೆಡ್ ಪ್ರಕರಣ ಇನ್ನೂ ಗಂಭೀರ. ಬಹುತೇಕ ಎಲ್ಲ ಲಿನಕ್ಸ್ ಆವೃತ್ತಿಗಳೂ ಬಳಸುವ, ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶವನ್ನು ಒಬ್ಬರೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ಸಹಾಯಕನಂತೆ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ಅಜ್ಞಾತ ವ್ಯಕ್ತಿಯೊಬ್ಬ ಅದರೊಳಗೆ ಕಳ್ಳಬಾಗಿಲನ್ನು ಇರಿಸಿದ. ಯಂತ್ರಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೆಂದು ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಕಾರಣ ಹುಡುಕಹೊರಟದ್ದರಿಂದ ಅದು ಪತ್ತೆಯಾಯಿತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದಿನ್ನೂ ತಲುಪಿರಲಿಲ್ಲ. ಪರೀಕ್ಷಾ ಹಂತದವಕ್ಕೆ ತಲುಪಿತ್ತು. ಚೆಕ್ ಬರೆಯುವವನೇ ಸಹಿ ಹಾಕಬಾರದೆಂದು ನಾವು ಯಾವ ಕಾರಣಕ್ಕೆ ಹೇಳುತ್ತೇವೆಯೋ ಅದೇ ಕಾರಣ ಇಲ್ಲಿಯೂ ಇದೆ. ಹೊಸದನ್ನು ಪರೀಕ್ಷಾ ಹಂತದಲ್ಲಿ ತಡೆದು ನಿಲ್ಲಿಸುವ ನಿಧಾನ ಪದ್ಧತಿಯನ್ನು ಯುವಕರು ಹಳೆಯ ಕಾಲದ್ದೆನ್ನಬಹುದು. ನನಗಂತೂ ಅದೇ ಆಂತರಿಕ ನಿಯಂತ್ರಣವಾಗಿ ತೋರುತ್ತದೆ.

ವಹಿಯಲ್ಲಿ ಬರೆಯಬೇಕಾದದ್ದು

ಆರಂಭದಲ್ಲಿ ಹೇಳಿದ ಸಂಸ್ಥೆಯ ಸರ್ವರಿನಲ್ಲಿದ್ದದ್ದು 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12. ಡೆಬಿಯನ್ ಪ್ರತಿ ಆವೃತ್ತಿಗೂ ಮೂರು ವರ್ಷ ಪೂರ್ಣ ಬೆಂಬಲ ಕೊಡುತ್ತದೆ. ಅನಂತರದ ಎರಡು ವರ್ಷ ಪ್ರತ್ಯೇಕ ತಂಡವೊಂದು ಭದ್ರತಾ ತಿದ್ದುಪಡಿಗಳನ್ನು ನೋಡಿಕೊಳ್ಳುತ್ತದೆ. ಆ ತಂಡದ ಕೆಲಸಕ್ಕೆ ಬಳಕೆದಾರ ಕಂಪನಿಗಳು ಹಣ ಕೊಡುತ್ತವೆ. ಈ ಲೆಕ್ಕದಂತೆ ಬೆಂಬಲ 2028ರ ಜೂನ್‌ಗೆ ಮುಗಿಯುತ್ತದೆ. ಆದರೆ 2023-24ರ ಲೆಕ್ಕಪುಸ್ತಕಗಳನ್ನು 2031-32ರ ಕೊನೆಯವರೆಗೆ ಕಾಯ್ದಿಡಬೇಕು. ಆದ್ದರಿಂದ ನಡುವೆ ಕನಿಷ್ಠ ಒಮ್ಮೆ ಮುಂದಿನ ಆವೃತ್ತಿಗೆ ಬದಲಾಯಿಸಲೇಬೇಕು. ಆ ಖರ್ಚಿಗೆ ಆಯವ್ಯಯದಲ್ಲಿ ಅವಕಾಶವಿರಬೇಕು, ಬದಲಾವಣೆಗೆ ಮುನ್ನ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿರಬೇಕು.

ಸರ್ವರ್ ಒದಗಿಸುವವರನ್ನು ನಮ್ಮ ಸದಸ್ಯರು ಕೇಳಬೇಕಾದದ್ದು ಬೆಲೆಯೊಂದನ್ನೇ ಅಲ್ಲ. ಈ ಆವೃತ್ತಿಯ ಹೆಸರು ಯಾರ ಸ್ವತ್ತು? ಕೋಡ್ ಕೊಡುವವರಿಂದ ಯಾವುದಾದರೂ ಕಂಪನಿ ಹಕ್ಕು ಬರೆಸಿಕೊಳ್ಳುತ್ತದೆಯೇ? ಹಣ ಎಲ್ಲಿಂದ ಬರುತ್ತದೆ, ಅದರ ಲೆಕ್ಕ ಪ್ರಕಟವಾಗುತ್ತದೆಯೇ? ಕಂಪನಿ ಕೈಬಿಟ್ಟರೆ ಮುಂದುವರಿಸುವಷ್ಟು ಜನ ಹೊರಗೆ ಇದ್ದಾರೆಯೇ? ಉತ್ತರ ಸಿಗದಿದ್ದರೆ ಆ ಆವೃತ್ತಿ ಕೆಟ್ಟದ್ದೆಂದಲ್ಲ. ಬದಲಾವಣೆಗೆ ಮೊದಲೇ ಸಿದ್ಧರಾಗಿರಬೇಕು ಎಂದರ್ಥ.

ಆ ಸಂಸ್ಥೆಯ ವಹಿಯಲ್ಲಿ ಸೊನ್ನೆ ಹಾಗೆಯೇ ಇದೆ. ಕ್ರಯ ಕೊಡದ್ದಕ್ಕೆ ಕ್ರಯ ಬರೆಯುವಂತಿಲ್ಲ. ಅದರ ಪಕ್ಕದಲ್ಲಿ ಈಗ ಮೂರು ಅಂಕಣಗಳನ್ನು ಸೇರಿಸಲಾಗಿದೆ: ಆವೃತ್ತಿಯ ಸಂಖ್ಯೆ, ಅದರ ಹೊಣೆ ಹೊತ್ತಿರುವ ಸಂಸ್ಥೆ, ಬೆಂಬಲ ಮುಗಿಯುವ ದಿನಾಂಕ. ಗಣಕ ವಿಭಾಗದ ಯುವಕರೇ ಅವನ್ನು ತುಂಬಿ ಸಹಿ ಹಾಕಿದ್ದಾರೆ.